ಉಳಿದದ್ದು ಮುಖತಾ

ಹಳೆಯ ಟ್ರಂಕು ತೆರೆದರೆ ನಿಮ್ಮ ಮನೆಯಲ್ಲೂ ನಾಲ್ಕಾರು ಹಳದಿ ಬಣ್ಣದ ಕಾರ್ಡುಗಳು ಸಿಕ್ಕಾವು. ಒಂದನ್ನು ತೆಗೆದು ಓದಿ ನೋಡಿ. "ಉಭಯ ಕುಶಲೋಪರಿ ಸಾಂಪ್ರತ. ಈ ಕಡೆ ಮಳೆ ಪರವಾಗಿಲ್ಲ. ಹಸು ಕರು ಹಾಕಿದೆ. ಉಳಿದ ವಿಷಯ ಮುಖತಾ." ಅಷ್ಟೇ! ಆ "ಮುಖತಾ" ಅನ್ನುವ ಒಂದು ಮಾತಿನೊಳಗೆ ಏನೇನು ಅಡಗಿರುತ್ತಿತ್ತು ಅನ್ನುವುದು ಬರೆದವರಿಗೂ ಓದುವವರಿಗೂ ಮಾತ್ರ ಗೊತ್ತು. ಮಗಳು ಬಸಿರಾದ ಸುದ್ದಿ, ಅಳಿಯ ಮಾಡಿಕೊಂಡ ಸಾಲ, ಬಳೆ ಗಿರವಿಗೆ ಹೋದದ್ದು, ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದ್ದು... ಇವು ಯಾವುವೂ ಕಾರ್ಡಿನಲ್ಲಿ ಬರುತ್ತಿರಲಿಲ್ಲ. 1879ರ ಜುಲೈ 1ರಂದು ನಮ್ಮ ದೇಶದಲ್ಲಿ ಕಾಲಾಣೆಗೊಂದರಂತೆ ಅಂಚೆ ಕಾರ್ಡು ಬಂತು. ಅಲ್ಲಿಂದಲೂ ಜನಕ್ಕೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು. ಕಾರ್ಡು ಅಂದರೆ ತೆರೆದ ಬಾಗಿಲು. ಪೋಸ್ಟ್‌ಮ್ಯಾನ್ ಓದುತ್ತಾನೆ, ಅವನು ಕೊಟ್ಟುಹೋದ ಅಂಗಡಿಯವನು ಓದುತ್ತಾನೆ, ಎದುರುಮನೆಯ ಹುಡುಗ ಓದು ಕಲಿತ ಸಂಭ್ರಮಕ್ಕೆ ಗಟ್ಟಿಯಾಗಿ ಓದುತ್ತಾನೆ! ಗುಟ್ಟೇನಾದರೂ ಇದ್ದರೆ ಲಕೋಟೆ, 1950ರಿಂದ ಈಚೆಗೆ ನೀಲಿ ಇನ್‌ಲ್ಯಾಂಡು. ಅದಕ್ಕೂ ಮೀರಿದ್ದಾದರೆ ಬಸ್ಸು ಹತ್ತಿ ಹೋಗಿ ಮುಖತಾ.

ಈಗ ನಮ್ಮ ಕೈಯಲ್ಲಿ ಫೋನಿದೆ. ಅದಕ್ಕೊಂದು ಬೀಗ, ನಮ್ಮ ಬೆರಳು ಇಟ್ಟರೆ ಮಾತ್ರ ತೆರೆಯುತ್ತದೆ. ಹಾಗಾಗಿ ಅದರೊಳಗೆ ಹಾಕಿದ್ದೆಲ್ಲ ಲಕೋಟೆಯೊಳಗಿನ ಪತ್ರ ಅಂತ ನಮಗೆ ಅನಿಸಿಬಿಡುತ್ತದೆ. ತಂಗಿಯೊಬ್ಬಳಿಗೇ ಕಳಿಸಿದ್ದು ಲಕೋಟೆ ಇರಬಹುದು. ಬಡಾವಣೆಯ ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕಿದ್ದೋ? ಅದು ಕಾರ್ಡು ಕೂಡ ಅಲ್ಲ ಕಣ್ರೀ, ಸಂತೆಮಾಳದ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ ಕಾಗದ.

ಊರಿಗಾಂನಿಂದ ಒಬ್ಬ ಸೋದರಿ ಮೂರು ಹಾಳೆ ಪತ್ರ ಬರೆದಿದ್ದಾರೆ. "ದಯವಿಟ್ಟು ಹೆಸರು ಹಾಕಬೇಡಿ" ಅಂದಿದ್ದಾರೆ. ಇಲ್ಲಮ್ಮ, ಈ ವಿಷಯದಲ್ಲಂತೂ ಖಂಡಿತ ಹಾಕುವುದಿಲ್ಲ! ಅವರಿಗೆ ಬೇರೆಯಾಗಿ ಉತ್ತರ ಬರೆದಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಮಾತ್ರ ಇಲ್ಲಿ ಹೇಳುತ್ತೇನೆ, ಏಕೆಂದರೆ ಇದು ಅವರೊಬ್ಬರ ಮನೆಯ ಕಥೆಯಲ್ಲ.

ಅವರ ಮಾವನವರು ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ಹಾಗೆ ಇವರ ಮನೆಯೂ ರೈಲಿನ ಮೇಲೆ ನಿಂತಿದೆ. ಯಜಮಾನರು ಬೆಳಕು ಹರಿಯುವ ಮೊದಲೇ ಗಾಡಿ ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿಗೆ. ಮನೆಯಲ್ಲಿ ಅತ್ತೆ, ಸೊಸೆ, ಶಾಲೆಗೆ ಹೋಗುವ ಹುಡುಗಿ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವುದು ಅತ್ತೆಯವರ ಹೆಸರು, ಆದ್ದರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುವುದೂ ಅವರ ಖಾತೆಗೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆ ಯೋಜನೆ ಶುರುವಾದಾಗಿನಿಂದ ಅತ್ತೆಯವರು ಅದರಲ್ಲಿ ಅಷ್ಟಿಷ್ಟು ಉಳಿಸಿಕೊಂಡು ಬಂದಿದ್ದರು. ಕಣ್ಣಿನ ಪೊರೆ ತೆಗೆಸಲಿಕ್ಕೆ, ಮೊಮ್ಮಗಳಿಗೊಂದು ಜೊತೆ ಓಲೆಗೆ. ತಮ್ಮದೇ ದುಡ್ಡು ಅಂತ ಒಂದು ಕೈಯಲ್ಲಿದ್ದದ್ದು ಆ ವಯಸ್ಸಿಗೆ ಅದೇ ಮೊದಲು.

ಎರಡು ತಿಂಗಳು ಹಣ ಬರಲಿಲ್ಲ. ಬೀದಿಯ ಹೆಂಗಸರ ಗುಂಪಿನಲ್ಲಿ ಯಾರೋ "ನಮಗೆ ಬಂತು" ಅಂದರು, ಇನ್ಯಾರೋ "ನಮಗೂ ಬಂತು" ಅಂದರು. ಸೊಸೆ ಏನು ಮಾಡಿದರು? ಅತ್ತೆಯ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮೂರನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ಒಂದೇ ಫೋಟೋ ತೆಗೆದು ಗುಂಪಿಗೆ ಹಾಕಿದರು. ಕೆಳಗೆ, "ಇವರಿಗೆ ಯಾಕೆ ಬಂದಿಲ್ಲ, ಗೊತ್ತಿದ್ದವರು ಹೇಳಿ, ಈ ನಂಬರಿಗೆ ಫೋನ್ ಮಾಡಿ" ಅಂತ ಅತ್ತೆಯ ಫೋನ್ ನಂಬರು.

ಫೋನ್ ಬಂತು, ಎರಡು ದಿನ ಬಿಟ್ಟು. ಸೊಸೆ ನೀರಿಗೆ ಹೋಗಿದ್ದ ಹೊತ್ತು. ಆ ಕಡೆಯ ಗಂಡಸು ಅತ್ತೆಯವರನ್ನು ಹೆಸರು ಹಿಡಿದು "ಅಮ್ಮಾ" ಅಂದ. ಮಾವನವರ ಹೆಸರು ಹೇಳಿದ. ಯಾವ ಬ್ಯಾಂಕು, ಖಾತೆಯ ಕೊನೆಯ ನಾಲ್ಕು ಅಂಕಿ ಏನು, ಎಲ್ಲ ಹೇಳಿದ. "ನಿಮ್ಮ ಎರಡು ತಿಂಗಳ ಹಣ ನಿಂತಿದೆ, ಇವತ್ತೇ ಬಿಡಿಸಿಕೊಡ್ತೀನಿ" ಅಂದ. ಎ.ಟಿ.ಎಂ. ಕಾರ್ಡಿನ ಮೇಲಿರುವ ಅಂಕಿಗಳನ್ನು ಓದಿಸಿದ, ಹಿಂಬದಿಯ ಮೂರು ಅಂಕಿಯನ್ನೂ ಓದಿಸಿದ, ಫೋನಿಗೆ ಬಂದ ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡ. ಇಪ್ಪತ್ತೊಂದು ಸಾವಿರ ಹೋಯಿತು.

ಈಗ ಸೋದರಿ ಕೇಳುವುದು ದುಡ್ಡಿನ ಪ್ರಶ್ನೆಯಲ್ಲ. ಅತ್ತೆಯವರಿಗೆ ಆ ಫೋಟೋದ ವಿಷಯವೇ ಗೊತ್ತಿಲ್ಲ. "ನಾನೇ ನಂಬರ್ ಹೇಳಿದೆ, ನಾನೇ ದಡ್ಡಿ, ಓದು ಬರದವಳು" ಅಂತ ತಮ್ಮನ್ನೇ ಬೈದುಕೊಳ್ಳುತ್ತಾರಂತೆ. ಫೋನು ಮುಟ್ಟುವುದನ್ನೇ ಬಿಟ್ಟಿದ್ದಾರೆ. ಮಗನೂ ರಾತ್ರಿ ಬಂದವರು ತಾಯಿಗೇ ಎರಡು ಮಾತು ಅಂದರಂತೆ. "ಅಕ್ಕಾ, ನಾನು ಹೇಳಿಬಿಡಲೇ? ಹೇಳಿದರೆ ಈ ಮನೆಯಲ್ಲಿ ನನ್ನ ಮುಖ ಉಳಿಯುತ್ತದೆಯೇ?"

ಮೊದಲು ಆ ಫೋಟೋ ಏನು ಮಾಡಿತು ಅನ್ನುವುದನ್ನು ನೋಡೋಣ, ಉತ್ತರ ಆಮೇಲೆ.

ಬರೀ ಖಾತೆ ನಂಬರು ತಿಳಿದರೆ ಹಣ ತೆಗೆಯಲು ಆಗುವುದಿಲ್ಲ. ಹಾಕಲು ಆಗುತ್ತದೆ, ಅಷ್ಟೇ. ಬರೀ ಆಧಾರ್ ನಂಬರಿನಿಂದಲೂ ಆಗುವುದಿಲ್ಲ. ಫೋನ್ ನಂಬರಂತೂ ಹಾಲಿನವನಿಂದ ಹಿಡಿದು ಎಲ್ಲರ ಹತ್ತಿರ ಇರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಂದೂ ಕೀಲಿಯಲ್ಲ. ಆದರೆ ಮೂರೂ ಒಂದೇ ಹಾಸಿಗೆಯ ಮೇಲೆ ಕೂತಾಗ ಅವು ಬೇರೆಯದೇ ಕೆಲಸ ಮಾಡಿದವು. ಕಳ್ಳನ ಮಾತಿಗೆ ನಿಜದ ಬಣ್ಣ ಕೊಟ್ಟವು. ಗುರುತಿಲ್ಲದವನು ಫೋನ್ ಮಾಡಿ "ನಂಬರ್ ಹೇಳಿ" ಅಂದಿದ್ದರೆ ಆ ಅತ್ತೆಯವರು "ಇಡಪ್ಪಾ ಫೋನು" ಅನ್ನುತ್ತಿದ್ದರು. ಗಂಡನ ಹೆಸರು, ಬ್ಯಾಂಕಿನ ಹೆಸರು, ನಿಂತುಹೋದ ಎರಡು ತಿಂಗಳ ಲೆಕ್ಕ, ಇಷ್ಟನ್ನೂ ಹೇಳುವವನು ಸರಕಾರದವನಲ್ಲದೆ ಮತ್ಯಾರು ಅಂದುಕೊಂಡರು. ಓದಿದವರಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಬೆಂಗಳೂರಿನ ಇಂಜಿನಿಯರುಗಳು, ರಿಟೈರ್ ಆದ ಅಧಿಕಾರಿಗಳು ಲಕ್ಷಗಟ್ಟಲೆ ಕಳೆದುಕೊಂಡ ಸುದ್ದಿ ಪೇಪರಿನಲ್ಲಿ ದಿನಾ ಓದುತ್ತೇವಲ್ಲ? ಅದಕ್ಕೇ ಓದು ಬರದ್ದಕ್ಕೆ ಹೀಗಾಯಿತು ಅನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಬಾರದು.

ಹಾಗಾದರೆ ಹೇಳಬೇಕೇ? ಹೇಳಲೇಬೇಕು ತಾಯಿ. ಒಂದು ಕಾರಣ ನಿಮಗೂ ಗೊತ್ತು: ಮಾಡದ ತಪ್ಪನ್ನು ಹಿರಿಯ ಜೀವವೊಂದು ಪೂರ್ತಿ ತನ್ನ ಮೇಲೆ ಹೊತ್ತುಕೊಂಡು ಕೂತಿದೆ. ಇನ್ನೊಂದು ಕಾರಣ ವ್ಯವಹಾರದ್ದು. ಪೊಲೀಸರಿಗೆ ದೂರು ಕೊಡುವಾಗ ಅವರ ಮಾಹಿತಿ ಎಲ್ಲಿಂದ ಹೊರಗೆ ಹೋಯಿತು ಅಂತ ಕೇಳುತ್ತಾರೆ. ಗುಂಪಿನ ಇನ್ನೂರು ಜನರಲ್ಲಿ ಅದು ಯಾರ ಕೈದಾಟಿ ಹೋಯಿತು ಅನ್ನುವುದೇ ಅವರಿಗೆ ಸಿಗುವ ಎಳೆ. ಆ ಫೋಟೋ ಇನ್ನೂ ಅಲ್ಲೇ ಇದೆ, ಅದೇ ಅಂಕಿಗಳನ್ನು ಹಿಡಿದು ನಾಳೆ ಇನ್ನೊಬ್ಬ ಬೇರೆ ದನಿಯಲ್ಲಿ "ಹೋದ ಹಣ ವಾಪಸ್ ಕೊಡಿಸ್ತೀನಮ್ಮ" ಅಂತ ಫೋನ್ ಮಾಡಬಹುದು. ಮಾಡುತ್ತಾರೆ! ಒಮ್ಮೆ ಮೋಸಹೋದವರನ್ನು ಹುಡುಕಿಕೊಂಡು ಬರುವ ಇಂಥ ಎರಡನೆಯ ಫೋನು ಈ ಕಸುಬಿನಲ್ಲಿ ಹೊಸದಲ್ಲ. ಅದು ಬಂದಾಗ ಅತ್ತೆಯವರಿಗೆ ನಿಜ ತಿಳಿದಿರಬೇಕು.

ಹೇಗೆ ಹೇಳುವುದು ಅಂತೀರಾ? ಯಜಮಾನರ ಎದುರಿಗೆ ಬೇಡ, ಮೊದಲು ಅತ್ತೆಯವರಿಗೆ ಒಬ್ಬರಿಗೇ. ಮಧ್ಯಾಹ್ನ ಇಬ್ಬರೇ ಇರುವ ಹೊತ್ತು, ಅಕ್ಕಿ ಆರಿಸುತ್ತಲೋ ಸೊಪ್ಪು ಬಿಡಿಸುತ್ತಲೋ. "ಅತ್ತೆ, ಅವನಿಗೆ ನಿಮ್ಮ ಹೆಸರು ಗೊತ್ತಾಗಿದ್ದು ನಾನು ಹಾಕಿದ ಫೋಟೋದಿಂದ" ಅಂತ ಆ ಒಂದು ವಾಕ್ಯವನ್ನು ಮೊದಲು ಹೇಳಿಬಿಡಿ. "ನಿಮಗೆ ಬೇಗ ದುಡ್ಡು ಬರಲಿ ಅಂತ ಮಾಡಿದ್ದು" ಅನ್ನುವುದು ನಿಜವೇ, ಆದರೂ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಅತ್ತೆಯವರು ಎರಡು ದಿನ ಮುಖ ತಿರುಗಿಸಿಕೊಂಡರೆ ತಿರುಗಿಸಿಕೊಳ್ಳಲಿ, ಅದು ಅವರ ಹಕ್ಕು. ಮಗನಿಗೆ ಹೇಗೆ ಹೇಳಬೇಕು ಅನ್ನುವುದನ್ನು ಆಮೇಲೆ ನೀವಿಬ್ಬರೂ ಕೂತು ಯೋಚಿಸಿ. ಅತ್ತೆ ಸೊಸೆ ಒಂದಾಗಿ ಹೇಳಿದ ಮಾತಿಗೆ ಎದುರಾಡುವ ಗಂಡಸನ್ನು ನಾನಂತೂ ಕಂಡಿಲ್ಲ.

ಇನ್ನು ದುಡ್ಡು. ಇವರು ಮನೆಯಲ್ಲಿ ಗೊತ್ತಾಗುತ್ತದೆ ಎಂದು ಒಂಬತ್ತು ದಿನ ಸುಮ್ಮನಿದ್ದರು. ನಷ್ಟವಾದದ್ದು ಅಲ್ಲಿ. ಇಂಥದ್ದು ಆದ ಕೂಡಲೇ, ಆ ಗಳಿಗೆಯಲ್ಲೇ, ಅಳುವುದನ್ನು ಬದಿಗಿಟ್ಟು 1930 ಅನ್ನುವ ನಂಬರಿಗೆ ಫೋನ್ ಮಾಡಬೇಕು. ದೇಶಕ್ಕೆಲ್ಲ ಅದೊಂದೇ ನಂಬರು. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ; ಅದು ದಾಟುತ್ತಿರುವಾಗಲೇ ಸುದ್ದಿ ಮುಟ್ಟಿದರೆ ನಡುವೆ ಎಲ್ಲಾದರೂ ತಡೆದು ನಿಲ್ಲಿಸಲು ಸಾಧ್ಯ. ಕೈಗೆ ನಗದಾಗಿ ತೆಗೆದುಕೊಂಡ ಮೇಲೆ ಕಷ್ಟ. ಜೊತೆಗೆ ಬ್ಯಾಂಕಿಗೂ ಹೇಳಿ ಕಾರ್ಡು ನಿಲ್ಲಿಸಬೇಕು, ಹೇಳಿದ್ದಕ್ಕೆ ಗುರುತಾಗಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಅಂದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಗುಟ್ಟಿನ ಸಂಖ್ಯೆಯನ್ನು ನಾವೇ ಬಾಯಿಬಿಟ್ಟು ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಅಂದರೆ ಒಂದೊಂದು ಗಂಟೆಗೂ ಬೆಲೆ ಇದೆ. ಊರಿಗಾಂ ಸೋದರಿಯ ಇಪ್ಪತ್ತೊಂದು ಸಾವಿರ ವಾಪಸ್ ಬರುತ್ತದೆ ಅಂತ ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ದೂರಂತೂ ಕೊಡಲೇಬೇಕು. ಕೆ.ಜಿ.ಎಫ್.ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆಯೇ ಇರುವಾಗ ಕೋಲಾರದವರೆಗೆ ಅಲೆಯುವ ಕೆಲಸವಿಲ್ಲ.

1930 ಅನ್ನುವ ಅಂಕಿ ಮರೆತುಹೋಗುತ್ತದೆ ಅನ್ನುತ್ತೀರಾ? ಗಣಿ ಸೀಮೆಯವರು ಅದನ್ನು ಮರೆಯಬಾರದು! 1930ನೇ ಇಸವಿಯಲ್ಲಿ ಇದೇ ಚಿನ್ನದ ಗಣಿಗಳಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಕೂತರು. ಯಾತಕ್ಕೆ ಗೊತ್ತೇ? ಬೆರಳಚ್ಚಿಗಾಗಿ. ಕೆಲಸಗಾರರ ಬೆರಳಚ್ಚು ತೆಗೆದು ರಿಜಿಸ್ಟರಿನಲ್ಲಿ ದಾಖಲು ಮಾಡುವ ಹೊಸ ಪದ್ಧತಿ ತರಲು ಹೊರಟಾಗ ಜನ ತಿರುಗಿಬಿದ್ದರು. ಕಳ್ಳಕಾಕರ ಬೆರಳಚ್ಚು ತೆಗೆಯುವುದು ಪೊಲೀಸರ ರೂಢಿ, ನೆಲದಡಿ ಪ್ರಾಣ ಒತ್ತೆಯಿಟ್ಟು ದುಡಿಯುವವನದು ಏಕೆ ಅಂತ ಅವರಿಗೆ ಅನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು? ಬಿದಿರು ತಟ್ಟಿಯ ಗುಡಿಸಿಲುಗಳಲ್ಲಿ, ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಗೆ ಕೇಳುವ ಸಾಲುಗಳಲ್ಲಿ ಬದುಕಿದವರು ಅವರು. ಗುಟ್ಟು ಅನ್ನುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆದರೂ ತನ್ನ ಬೆರಳಿನ ಗೆರೆ ತನ್ನದು ಅನ್ನುವುದು ಅವರಿಗೆ ತಿಳಿದಿತ್ತು.

ಈಗ ನಾವು ಆ ಬೆರಳನ್ನು ಎಲ್ಲೆಲ್ಲಿ ಒತ್ತುತ್ತೇವೆ ಎಣಿಸಿ ನೋಡಿ. ರೇಷನ್ ಅಂಗಡಿ, ಸಿಮ್ ಕಾರ್ಡು, ಬ್ಯಾಂಕು, ಮನೆ ರಿಜಿಸ್ಟ್ರಿ. 2023ರಲ್ಲಿ ಬೆಂಗಳೂರಿನಲ್ಲಿ ಏನಾಯಿತು ಅಂದರೆ, ಸೈಟು ಮನೆ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಅವರಿಗೆ ತಿಳಿಯದೆ ಹಣ ಹೋಯಿತು. ಯಾರೂ ಫೋನ್ ಮಾಡಿರಲಿಲ್ಲ, ಒ.ಟಿ.ಪಿ. ಬಂದಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ಹುಡುಕುತ್ತಾ ಹೋದರೆ, ನೋಂದಣಿ ಇಲಾಖೆಯ ಕಾವೇರಿ ವ್ಯವಸ್ಥೆಯಲ್ಲಿದ್ದ ಕ್ರಯಪತ್ರದ ಪ್ರತಿಗಳಲ್ಲಿ ಮಾರುವವರ, ಕೊಳ್ಳುವವರ ಬೆರಳಚ್ಚೂ ಆಧಾರ್ ಸಂಖ್ಯೆಯೂ ಹಾಗೇ ಇದ್ದವು. ಅವುಗಳಿಂದ ನಕಲಿ ಬೆರಳು ಮಾಡಿ, ಆಧಾರ್ ಮೂಲಕ ಹಣ ಕೊಡುವ ಪುಟ್ಟ ಯಂತ್ರದಲ್ಲಿ ಒತ್ತಿ ತೆಗೆದಿದ್ದರು. ಹಳ್ಳಿಗಳಲ್ಲಿ ಮುದುಕರಿಗೆ ಪಿಂಚಣಿ ಕೊಡಲಿಕ್ಕೆ ತರುತ್ತಾರಲ್ಲ, ಅದೇ ಯಂತ್ರ. ಪೊಲೀಸರು ಕೆಲವರನ್ನು ಹಿಡಿದರು, ಇಲಾಖೆಯವರು ಆಮೇಲೆ ಬೆರಳಚ್ಚು ಮತ್ತು ಆಧಾರ್ ಅಂಕಿಗಳನ್ನು ಮರೆಮಾಡುವ ಕ್ರಮ ಕೈಗೊಂಡರು. ಮನೆ ಕೊಂಡವರು ಮಾಡಿದ ತಪ್ಪೇನು? ಏನೂ ಇಲ್ಲ! ಕಚೇರಿಯಲ್ಲಿ ಒತ್ತು ಅಂದರು, ಒತ್ತಿದರು. ಎಲ್ಲ ಗುಟ್ಟೂ ಹೆಂಗಸರ ಬಾಯಿಂದಲೇ ಹೊರಬೀಳುತ್ತದೆ ಅನ್ನುವವರಿಗೆ ಇದನ್ನೊಂದು ಸಲ ಓದಿ ಹೇಳಿ.

ಇದಕ್ಕೊಂದು ಬೀಗ ಇದೆ, ಕಾಸಿಲ್ಲದೆ ಸಿಗುತ್ತದೆ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಅಥವಾ ಜಾಲತಾಣದಲ್ಲಿ "ಬಯೋಮೆಟ್ರಿಕ್ ಲಾಕ್" ಅಂತ ಇರುತ್ತದೆ. ಅದನ್ನು ಹಾಕಿಬಿಟ್ಟರೆ ನಿಮ್ಮ ಬೆರಳಾಗಲಿ ನಕಲಿ ಬೆರಳಾಗಲಿ ಯಂತ್ರ ಒಪ್ಪುವುದಿಲ್ಲ. ಒಂದು ತೊಂದರೆ ಉಂಟು, ಮೊದಲೇ ಹೇಳಿಬಿಡುತ್ತೇನೆ: ರೇಷನ್ ಅಂಗಡಿಯಲ್ಲೂ ಒಪ್ಪುವುದಿಲ್ಲ. ಅಕ್ಕಿ ತರುವ ದಿನ ಸ್ವಲ್ಪ ಹೊತ್ತಿಗೆ ಬೀಗ ತೆಗೆಯಬೇಕು. ಮನೆಯಲ್ಲಿ ಕಾಲೇಜು ಹುಡುಗರಿದ್ದರೆ ಐದು ನಿಮಿಷದಲ್ಲಿ ಕಲಿಸಿಕೊಡುತ್ತಾರೆ. ಅಂಥವರಿಲ್ಲದಿದ್ದರೆ 1947ಕ್ಕೆ ಫೋನ್ ಮಾಡಿ ಕೇಳಿ, ಅದು ಆಧಾರಿನವರ ಸಹಾಯವಾಣಿ. ಸ್ವಾತಂತ್ರ್ಯ ಬಂದ ವರ್ಷ, ಇದನ್ನೂ ಮರೆಯುವ ಹಾಗಿಲ್ಲ.

ದೊಡ್ಡವರೇನೂ ಇದರಿಂದ ತಪ್ಪಿಸಿಕೊಂಡಿಲ್ಲ. 2017ರ ಮಾರ್ಚಿನಲ್ಲಿ ಕ್ರಿಕೆಟ್ ಆಟಗಾರ ಧೋನಿ ರಾಂಚಿಯಲ್ಲಿ ಆಧಾರ್ ಮಾಡಿಸಿದಾಗ, ಆ ಸಂಭ್ರಮವನ್ನು ಊರಿಗೆಲ್ಲ ಸಾರಲು ಹೋದವರು ಅವರ ಅರ್ಜಿಯಲ್ಲಿದ್ದ ಸ್ವಂತ ವಿವರಗಳನ್ನೂ ಟ್ವಿಟರಿನಲ್ಲಿ ಹಾಕಿಬಿಟ್ಟರು. ಧೋನಿ ಏನೂ ಹೇಳಲಿಲ್ಲ. ಅವರ ಹೆಂಡತಿ ಸಾಕ್ಷಿ ನೇರವಾಗಿ ಕೇಂದ್ರ ಮಂತ್ರಿಗಳನ್ನೇ ಎಲ್ಲರೆದುರು ಕೇಳಿದರು. ಆ ಕೇಂದ್ರವನ್ನು ಹತ್ತು ವರ್ಷ ಕಪ್ಪುಪಟ್ಟಿಗೆ ಸೇರಿಸಿದರು. ಕೆಟ್ಟ ಉದ್ದೇಶ ಅಲ್ಲಿ ಯಾರಿಗೂ ಇರಲಿಲ್ಲ ನೋಡಿ. ಹೆಮ್ಮೆ, ಅಷ್ಟೇ. ನಮ್ಮ ಗುಂಪುಗಳಲ್ಲಿ ಮಗನ ಮಾರ್ಕ್ಸ್ ಕಾರ್ಡು, ಹಾಲ್ ಟಿಕೆಟ್ಟು, ಕೆಲಸದ ಆರ್ಡರು ಬರುವುದೂ ಹಾಗೆಯೇ ಅಲ್ಲವೇ? ಮಗನನ್ನು ಹೊಗಳಿ, ಬೇಡ ಅಂದವರಾರು! ಅಂಕ ಹೇಳಿ, ರಿಜಿಸ್ಟರ್ ನಂಬರು ಯಾಕೆ?

ನಮ್ಮ ಕರ್ನಾಟಕದವರೇ ಒಬ್ಬ ಹಿರಿಯರು ಈ ವಿಷಯದಲ್ಲಿ ಹೆಸರು ಉಳಿಸಿ ಹೋದರು. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಪ್ರತಿಯೊಬ್ಬರ ಅಂದರೆ ಊರಿಗಾಂನ ಆ ಅತ್ತೆಯವರದೂ ಸೇರಿತು. ಅವರ ಪಾಸ್‌ಬುಕ್ಕನ್ನು ಯಾರಿಗೆ ತೋರಿಸಬೇಕು ಅನ್ನುವುದು ಮಗನಿಗೂ ಸೊಸೆಗೂ ಸೇರಿದ್ದಲ್ಲ, ಅವರಿಗೇ ಸೇರಿದ್ದು. ಕೇಳಿ ತೋರಿಸಿದ್ದರೆ ಬಹುಶಃ ಅವರೇ "ಎಲ್ಲರಿಗೂ ಯಾಕಮ್ಮ?" ಅನ್ನುತ್ತಿದ್ದರು. ಹಳಬರಿಗೆ ಕಾರ್ಡು ಯಾವುದು ಲಕೋಟೆ ಯಾವುದು ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತು.

ಜೆರಾಕ್ಸ್ ಅಂಗಡಿಯ ವಿಷಯ ಬರೆಯದೆ ಮುಂದೆ ಹೋಗುವ ಹಾಗಿಲ್ಲ. ರಾಬರ್ಟ್‌ಸನ್‌ಪೇಟೆ ಆಗಲಿ, ಬಂಗಾರಪೇಟೆ ಆಗಲಿ, ನಿಮ್ಮೂರೇ ಆಗಲಿ, ಅಂಗಡಿಯ ಗೋಡೆಗೆ ಒಂದು ನಂಬರು ಅಂಟಿಸಿರುತ್ತಾರೆ, "ಇದಕ್ಕೆ ಕಳಿಸಿ, ಪ್ರಿಂಟ್ ತೆಗೆದುಕೊಡ್ತೀವಿ" ಅಂತ. ಕಳಿಸುತ್ತೀರಿ, ಅವನು ತೆಗೆದುಕೊಡುತ್ತಾನೆ, ಐದು ರೂಪಾಯಿ ಕೊಟ್ಟು ಬರುತ್ತೀರಿ. ನಿಮ್ಮ ಆಧಾರ್ ಮಾತ್ರ ಅವನ ಕಂಪ್ಯೂಟರಿನಲ್ಲೇ ಇರುತ್ತದೆ, ಇವತ್ತು ಬಂದ ನಲವತ್ತು ಜನರದ್ದರ ಜೊತೆಗೆ. ಅಂಗಡಿಯವನು ಒಳ್ಳೆಯವನೇ ಇರಬಹುದು. ಸಂಜೆ ಅಲ್ಲಿ ಕೂರುವ ಹುಡುಗ ಯಾರೋ ಏನೋ. ಪ್ರಿಂಟ್ ಕೈಗೆ ಬಂದ ಮೇಲೆ "ಅಣ್ಣಾ, ನಮ್ಮದು ಡಿಲೀಟ್ ಮಾಡಿಬಿಡಿ" ಅಂತ ಅಲ್ಲೇ ನಿಂತು ಮಾಡಿಸಿ, ನಿಮ್ಮ ಫೋನಿನಿಂದಲೂ ಎಲ್ಲರಿಗೂ ಅಳಿಸುವುದನ್ನು ಒತ್ತಿ. ಕಾಗದದ ಪ್ರತಿ ಎಲ್ಲಿಗಾದರೂ ಕೊಡುವಾಗ ಅದರ ಮೇಲೆ ಅಡ್ಡಲಾಗಿ "ಗ್ಯಾಸ್ ಕನೆಕ್ಷನ್ನಿಗೆ ಮಾತ್ರ" ಅಂತಲೋ "ಶಾಲೆಗೆ ಮಾತ್ರ" ಅಂತಲೋ ಬರೆದು ತಾರೀಖು ಹಾಕಿ ಸಹಿ ಮಾಡಿ. ಅಂಕಿ ಪೂರ್ತಿ ಬೇಡದ ಕಡೆ, ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಆಧಾರ್ ಪ್ರತಿ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಸಿಕ್ಕಸಿಕ್ಕವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಈ ಮರೆಮಾಡಿದ ಪ್ರತಿ ಕೊಡಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದಾರು ಅಂತಲೋ ಏನೋ, ಎರಡೇ ದಿನಕ್ಕೆ, ಮೇ 29ರಂದು, ತಪ್ಪು ಅರ್ಥ ಬರಬಹುದು ಎಂದು ಅದನ್ನು ಹಿಂದಕ್ಕೆ ತೆಗೆದುಕೊಂಡರು. ನನ್ನನ್ನು ಕೇಳಿದರೆ ಮೊದಲು ಹೇಳಿದ್ದೇ ಸರಿಯಾಗಿತ್ತು.

ರೈಲಿನಲ್ಲೂ ಅಷ್ಟೇ. ಮಾರಿಕುಪ್ಪಂ ಗಾಡಿ ಇರಲಿ, ಬೇರೆ ಯಾವುದೇ ಇರಲಿ, ಗಿಜಿಗುಡುವ ಡಬ್ಬಿಯಲ್ಲಿ ಕೂತು ಫೋನಿನಲ್ಲಿ "ಬರ್ಕೊಳ್ಳೇ, ನಾಲ್ಕು... ಏಳು... ಏಳು..." ಅಂತ ಸಂಖ್ಯೆಗಳನ್ನು ಕೂಗಿ ಹೇಳುವುದು ಕೇಳಿದ್ದೀರಲ್ಲ? ಪಕ್ಕದಲ್ಲಿ ಹೂ ಕಟ್ಟುವವಳಿಗೂ ಬಾಯಿಪಾಠ ಆಗಿರುತ್ತದೆ. "ಎಲ್ಲರೂ ಮೂರು ದಿನ ತಿರುಪತಿಗೆ ಹೊರಟಿದ್ದೇವೆ" ಅಂತ ಮನೆಗೆ ಬೀಗ ಹಾಕುವ ಮುಂಚೆಯೇ ಸ್ಟೇಟಸ್ ಹಾಕುವವರಿಗೆ ನಾನು ಏನು ಹೇಳಲಿ? ಫೋಟೋ ಹಾಕಿಕೊಳ್ಳಿ, ಲಡ್ಡು ಹಂಚಿದ ಮೇಲೆ.

ಡಾಕ್ಟರ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನು "ಇದು ಸರಿ ಇದೆಯಾ ನೋಡಿ" ಅಂತ ಗುಂಪಿಗೆ ಹಾಕುವುದು ಇನ್ನೂ ಬೇಸರದ್ದು. ಹಣ ಹೋದರೆ ಸಂಪಾದಿಸಬಹುದು. ನಾದಿನಿಗೆ ಮಕ್ಕಳಾಗದ್ದರ ಕಾರಣ, ತಮ್ಮನ ಮನಸ್ಸಿನ ಮಾತ್ರೆಯ ಹೆಸರು, ಒಂದು ಸಲ ಇನ್ನೂರು ಜನಕ್ಕೆ ತಿಳಿದ ಮೇಲೆ ಅದನ್ನು ಯಾವ ನಂಬರಿಗೆ ಫೋನ್ ಮಾಡಿ ತಡೆಹಿಡಿಸುತ್ತೀರಿ?

ಆ ಗುಂಪು ಬಿಟ್ಟುಬಿಡಲೇ ಅಂತಲೂ ಊರಿಗಾಂ ಸೋದರಿ ಕೇಳಿದ್ದಾರೆ. ಏಕೆ ಬಿಡುತ್ತೀರಿ? ನೀರು ಯಾವಾಗ ಬರುತ್ತದೆ, ಯಾವ ಅಂಗಡಿಯಲ್ಲಿ ಬೇಳೆ ಅಗ್ಗ, ಎಲ್ಲ ತಿಳಿಯುವುದು ಅಲ್ಲೇ. ಪ್ರಶ್ನೆ ಕೇಳಿ, ಕಾಗದ ತೋರಿಸಬೇಡಿ. "ನಮ್ಮ ಮನೆಯಲ್ಲಿ ಎರಡು ತಿಂಗಳ ಗೃಹಲಕ್ಷ್ಮಿ ಬಂದಿಲ್ಲ, ಎಲ್ಲಿ ವಿಚಾರಿಸಬೇಕು?" ಅಂದರೆ ಸಾಕಿತ್ತು. ಯಾರಾದರೂ "ಮಹಿಳಾ ಮತ್ತು ಮಕ್ಕಳ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ, ಇಲ್ಲವೇ ಅಂಗನವಾಡಿ ಟೀಚರನ್ನು ಕೇಳಿ" ಅನ್ನುತ್ತಿದ್ದರು. ಕಾಗದ ತೋರಿಸುವುದು ಅಲ್ಲಿ, ಮುಖತಾ. ಹಾಕಿದ ಫೋಟೋವನ್ನು ಎಲ್ಲರ ಫೋನಿನಿಂದ ಅಳಿಸುವ ಅವಕಾಶ ವಾಟ್ಸಾಪಿನಲ್ಲಿ ಎರಡು ದಿನದ ಮೇಲೆ ಕೆಲವು ಗಂಟೆ ಮಾತ್ರ ಇರುತ್ತದೆ. ಇವರಿಗೆ ಅದು ದಾಟಿಹೋಗಿದೆ. ಗುಂಪಿನಲ್ಲಿ ನಾಲ್ಕು ಸಾಲು ಬರೆದು, ದಯವಿಟ್ಟು ನಿಮ್ಮ ನಿಮ್ಮ ಫೋನಿನಲ್ಲಿ ಅಳಿಸಿ ಅಂತ ಕೇಳಿಕೊಳ್ಳಲಿ. ನಾಚಿಕೆ ಬೇಡ. ಅದನ್ನು ಓದಿ ಇನ್ನು ಐದು ಜನ ಸದ್ದಿಲ್ಲದೆ ತಮ್ಮದನ್ನೂ ಅಳಿಸಿಕೊಳ್ಳುತ್ತಾರೆ, ನೋಡುತ್ತಿರಿ.

ಕೊನೆಗೆ ಮದುವೆಯ ಬಯೋಡೇಟಾ. ಮಗಳ ಫೋಟೋ, ಹುಟ್ಟಿದ ತಾರೀಖು, ಗಳಿಗೆ, ನಕ್ಷತ್ರ, ಓದು, ಸಂಬಳ, ಕೆಲಸ ಮಾಡುವ ಕಂಪನಿ, ಮನೆ ವಿಳಾಸ, ತಂದೆಯ ಫೋನು. ಒಂದೇ ಹಾಳೆಯಲ್ಲಿ ಅವಳ ಬದುಕಿಡೀ! ಅದನ್ನು ಹತ್ತು ವಧೂವರರ ಗುಂಪಿಗೆ ಹಾಕುತ್ತೇವೆ, ಅವರು ಇನ್ನು ಹತ್ತಕ್ಕೆ ಹಾಕುತ್ತಾರೆ. ಹುಡುಗಿಗೆ ಮದುವೆಯಾಗಿ ಕೈಗೂಸು ಬಂದ ಮೇಲೂ "ಜಾತಕ ಕೂಡಿಬಂದಿದೆ" ಅಂತ ಫೋನು ಬಂದ ಮನೆಗಳುಂಟು. ಮೊದಲ ಹಾಳೆಯಲ್ಲಿ ಓದು, ವಯಸ್ಸು, ಊರು, ಹಿರಿಯರೊಬ್ಬರ ನಂಬರು ಇದ್ದರೆ ಸಾಕು. ಫೋಟೋ, ಗಳಿಗೆ, ಕೆಲಸದ ವಿವರ ಆ ಕಡೆಯವರು ಯಾರು ಏನು ಅಂತ ತಿಳಿದುಕೊಂಡ ಮೇಲೆ ಕಳಿಸಿ. ವಿಳಾಸವನ್ನು ಅವರು ಹೆಣ್ಣು ನೋಡಲು ಹೊರಡುವ ದಿನ ಕೊಟ್ಟರಾಯಿತು. ಬೆಂಗಳೂರಿನಿಂದ ಬರುವವರಾದರೆ ಬಂಗಾರಪೇಟೆಯಲ್ಲಿ ಇಳಿದ ಮೇಲೆ ಫೋನ್ಮಾಡಲಿ, ಮನೆಯ ಗುರುತು ಆಗ ಹೇಳಬಹುದು.